ದೋಣಿಗಾರರು ನಡೆದು ಮರಳಿದ ದಾರಿ

ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ದಂಡೆಯ ಮೇಲೆ ನ್ಯಾಚೆಜ್ ಎಂಬ ಪಟ್ಟಣವಿದೆ. ಅಲ್ಲಿಂದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದ ಅಂಚಿನವರೆಗೆ ಹೋಗುವ 444 ಮೈಲಿಯ, ಅಂದರೆ ಸುಮಾರು 715 ಕಿ.ಮೀ. ಉದ್ದದ ರಸ್ತೆಯೇ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ. ಇದರ ಮೇಲೆ ಲಾರಿಗಳಿಗೆ ಪ್ರವೇಶವಿಲ್ಲ. ಜಾಹೀರಾತು ಫಲಕಗಳಿಲ್ಲ, ಟೋಲ್ ಇಲ್ಲ, ಪೆಟ್ರೋಲ್ ಬಂಕೂ ಇಲ್ಲ. ಬಹುತೇಕ ಕಡೆ ವೇಗದ ಮಿತಿ ಗಂಟೆಗೆ 50 ಮೈಲಿ. ಒಟ್ಟು ದೂರದಲ್ಲಿ 309 ಮೈಲಿ ಮಿಸಿಸಿಪ್ಪಿಯಲ್ಲೇ ಇದ್ದು, 33 ಮೈಲಿ ಅಲಬಾಮಾದ ಮೂಲೆಯಲ್ಲಿ, ಉಳಿದ 102 ಮೈಲಿ ಟೆನೆಸ್ಸಿಯಲ್ಲಿ ಸಾಗುತ್ತದೆ. ಮಿಸಿಸಿಪ್ಪಿಯನ್ನು ನೋಡಲು ಹೊರಟವರು ಎಲ್ಲಿಂದ ಆರಂಭಿಸಬೇಕು, ಎಲ್ಲೆಲ್ಲಿ ನಿಲ್ಲಬೇಕು, ದಿನಕ್ಕೆಷ್ಟು ದೂರ ಹೋಗಬೇಕು ಎಂಬುದನ್ನು ಈ ರಸ್ತೆ ಬೆಳೆದು ಬಂದ ಬಗೆಯೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಕಾಲುದಾರಿ

ಇಂದಿನ ನ್ಯಾಶ್‌ವಿಲ್ ಇರುವ ಕಡೆ ನೆಲದಿಂದ ಉಪ್ಪಿನ ಅಂಶ ಒಸರುವ ತಾಣಗಳಿದ್ದವು. ಅದನ್ನು ನೆಕ್ಕಲು ಬರುತ್ತಿದ್ದ ಬೈಸನ್ ಹಿಂಡುಗಳು ನೀರು ನಿಲ್ಲದ ದಿಣ್ಣೆಗಳ ಮೇಲೆ ದಾರಿ ತುಳಿದವು. ಅವುಗಳ ಹಿಂದೆ ಬೇಟೆಗಾರರು ಬಂದರು. ನ್ಯಾಚೆಜ್, ಚಾಕ್ಟಾ ಮತ್ತು ಚಿಕಸಾ ಜನ ಈ ಜಾಡುಗಳನ್ನು ಜೋಡಿಸಿಕೊಂಡು ವ್ಯಾಪಾರಕ್ಕೆ ಬಳಸಿದರು. ಅವರಿಗೂ ಹಿಂದಿನವರು ಕಟ್ಟಿದ ಮಣ್ಣಿನ ದಿಬ್ಬಗಳು ದಾರಿಯುದ್ದಕ್ಕೂ ಉಳಿದಿವೆ. ನ್ಯಾಚೆಜ್ ಸಮೀಪದ ಎಮರಾಲ್ಡ್ ಮೌಂಡ್ ಸುಮಾರು 8 ಎಕರೆಯಷ್ಟು ಹರಡಿಕೊಂಡಿದೆ. ಧಾರ್ಮಿಕ ವಿಧಿಗಳಿಗೆಂದು ಸುಮಾರು 1250ರ ನಂತರ ಕಟ್ಟಿದ ಈ ದಿಬ್ಬ ಅಮೆರಿಕದಲ್ಲಿ ಇಂಥವುಗಳ ಪೈಕಿ ಗಾತ್ರದಲ್ಲಿ ಎರಡನೆಯದು.

ಹದಿನೆಂಟನೆಯ ಶತಮಾನದ ಕೊನೆಗೆ ದಾರಿಯ ಸ್ವರೂಪ ಬದಲಾಯಿತು. ಒಹಾಯೊ ನದಿ ಕಣಿವೆಯ ರೈತರು ಹಿಟ್ಟು, ಹಂದಿಮಾಂಸ, ಹೊಗೆಸೊಪ್ಪನ್ನು ಚಪ್ಪಟೆ ತಳದ ಮರದ ದೋಣಿಗಳಿಗೆ ತುಂಬಿ ಹೊಳೆಯ ಸೆಳವಿಗೆ ಬಿಟ್ಟುಕೊಂಡು ನ್ಯಾಚೆಜ್‌ಗೋ ನ್ಯೂ ಆರ್ಲಿಯನ್ಸ್‌ಗೋ ಬರುತ್ತಿದ್ದರು. ಅಂಥ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ಒಯ್ಯುವುದು ಆಗದ ಮಾತು. ಹಾಗಾಗಿ ಸರಕಿನೊಡನೆ ದೋಣಿಯನ್ನೂ ಒಡೆದು ಮರದ ಬೆಲೆಗೆ ಮಾರಿ, ಬಂದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಅವರು ಊರಿಗೆ ನಡೆದೇ ಮರಳುತ್ತಿದ್ದರು. ನ್ಯಾಚೆಜ್‌ನಿಂದ ನ್ಯಾಶ್‌ವಿಲ್ ಮುಟ್ಟಲು ಕಾಲ್ನಡಿಗೆಯಲ್ಲಿ ಸುಮಾರು 35 ದಿನ ಹಿಡಿಯುತ್ತಿತ್ತು. ಹಣ ಹೊತ್ತವರು ಗುಂಪಾಗಿ ಹೋಗುತ್ತಿದ್ದರು, ಏಕೆಂದರೆ ಕಾಡಿನಲ್ಲಿ ದರೋಡೆಕೋರರ ಭಯವಿತ್ತು. ಆ ಕಾಲದಲ್ಲಿ ಈ ದಾರಿಗೆ ಮಹತ್ವ ಬಂದದ್ದು ಹೀಗೆ ಊರಿಗೆ ಮರಳುವವರಿಂದಲೇ.

ಸರ್ಕಾರಿ ಹಾದಿ

1798ರಲ್ಲಿ ಮಿಸಿಸಿಪ್ಪಿ ಪ್ರಾಂತ್ಯ ರಚನೆಯಾಗಿ ನ್ಯಾಚೆಜ್ ಅದರ ಮೊದಲ ರಾಜಧಾನಿಯಾಯಿತು. ದೂರದ ಈ ಪ್ರಾಂತ್ಯಕ್ಕೆ ಕಾಗದಪತ್ರ ತಲುಪಿಸಲು 1800ರಲ್ಲಿ ಅಮೆರಿಕದ ಸಂಸತ್ತು ಇದನ್ನು ಅಂಚೆಯ ಹಾದಿಯೆಂದು ಗೊತ್ತುಪಡಿಸಿತು. ಮರುವರ್ಷ ಚಿಕಸಾ ಮತ್ತು ಚಾಕ್ಟಾ ಜನರೊಡನೆ ಒಪ್ಪಂದಗಳಾದವು. ಅವರ ನೆಲದಲ್ಲಿ ಹಾದುಹೋಗುವ ಹಾದಿಯನ್ನು ಸೈನಿಕರು ಅಗಲಗೊಳಿಸತೊಡಗಿದರು. ಜೋಳದ ಗಂಜಿ, ಮಲಗಲು ಒಂದಿಷ್ಟು ಜಾಗ ಕೊಡುವ ತಂಗುಮನೆಗಳು ಅಲ್ಲಲ್ಲಿ ಎದ್ದವು. ಒಂದು ಕಾಲಕ್ಕೆ ಐವತ್ತರಷ್ಟಿದ್ದ ಅವುಗಳಲ್ಲಿ ಇಂದಿಗೂ ನಿಂತಿರುವುದು 15ನೆಯ ಮೈಲಿಗಲ್ಲಿನ ಬಳಿಯ ಮೌಂಟ್ ಲೋಕಸ್ಟ್ ಒಂದೇ. ಟೆನೆಸ್ಸಿಯ ಗ್ರೈಂಡರ್ಸ್ ಸ್ಟ್ಯಾಂಡ್ ಎಂಬ ತಂಗುಮನೆಯಲ್ಲಿ 1809ರ ಅಕ್ಟೋಬರ್‌ನಲ್ಲಿ ಅನ್ವೇಷಕ ಮೆರಿವೆದರ್ ಲೂಯಿಸ್ ಗುಂಡೇಟಿನಿಂದ ಸತ್ತ. ಅದು ಆತ್ಮಹತ್ಯೆಯೋ ಕೊಲೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವನ ಸಮಾಧಿಯ ಮೇಲೆ 1848ರಲ್ಲಿ ನಿಲ್ಲಿಸಿದ ಮುರಿದ ಕಂಬದ ಸ್ಮಾರಕ ಈಗಿನ ರಸ್ತೆಯ ಪಕ್ಕದಲ್ಲೇ ಇದೆ.

ದಕ್ಷಿಣಕ್ಕೆ ಈ ಹಾದಿ ಹಿಡಿದವರಲ್ಲಿ ಸ್ವಂತ ಇಚ್ಛೆಯಿಂದ ಬಾರದವರೂ ಇದ್ದರು. 1793ರಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಮಿಸಿಸಿಪ್ಪಿಯಲ್ಲಿ ಹತ್ತಿ ತೋಟಗಳು ಹಬ್ಬಿದವು; ದುಡಿಯಲು ಗುಲಾಮರಿಗೆ ಬೇಡಿಕೆ ಏರಿತು. ವರ್ಜೀನಿಯಾದಂಥ ಪೂರ್ವದ ರಾಜ್ಯಗಳಿಂದ ಕಪ್ಪು ಜನರನ್ನು ಸರಪಳಿಯಲ್ಲಿ ಬಿಗಿದು ನೂರಾರು ಮೈಲಿ ನಡೆಸಿಕೊಂಡು ತಂದು, ನ್ಯಾಚೆಜ್‌ನ ಫೋರ್ಕ್ಸ್ ಆಫ್ ದ ರೋಡ್ ಎಂಬಲ್ಲಿ ಮಾರುತ್ತಿದ್ದರು. ಆ ಭಾಗದ ಅತಿ ದೊಡ್ಡ ಗುಲಾಮರ ಸಂತೆಗಳಲ್ಲಿ ಅದೂ ಒಂದು. ಆ ಪಟ್ಟಣದ ಹಳೆಯ ಬಂಗಲೆಗಳ ವೈಭವಕ್ಕೆ ಹಣ ಬಂದದ್ದು ಇದೇ ದುಡಿಮೆಯಿಂದ. ಬಂಗಲೆಗಳನ್ನು ನೋಡುವವರು ಈ ಸಂತೆಯ ಜಾಗವನ್ನೂ ನೋಡಿದರೆ ಮಾತ್ರ ನ್ಯಾಚೆಜ್ ಪೂರ್ತಿ ಅರ್ಥವಾಗುತ್ತದೆ. ಇತ್ತ 1830 ಮತ್ತು 1832ರ ಒಪ್ಪಂದಗಳ ಮೂಲಕ ಚಾಕ್ಟಾ, ಚಿಕಸಾ ಜನ ಮಿಸಿಸಿಪ್ಪಿಯ ತಮ್ಮ ನೆಲ ಬಿಟ್ಟುಕೊಡಬೇಕಾಯಿತು. ಅವರಲ್ಲಿ ಬಹುಪಾಲು ಜನರನ್ನು ಪಶ್ಚಿಮಕ್ಕೆ ಸಾಗಹಾಕಲಾಯಿತು.

ಪಾಳು ಬಿದ್ದು, ಮತ್ತೆ ಎದ್ದು

ದಾರಿ ಪಾಳು ಬೀಳಲು ಕಾರಣವಾದದ್ದು ಉಗಿಯಂತ್ರ. ನ್ಯೂ ಆರ್ಲಿಯನ್ಸ್ ಎಂಬ ಹೆಸರಿನ ಉಗಿದೋಣಿ ಒಹಾಯೊ ನದಿಯಿಂದ ಹೊರಟು 1812ರ ಜನವರಿಯಲ್ಲಿ ಅದೇ ಹೆಸರಿನ ಬಂದರು ತಲುಪಿತು. ಮುಂದಿನ ಕೆಲವೇ ವರ್ಷಗಳಲ್ಲಿ ಇಂಥ ದೋಣಿಗಳು ಪ್ರವಾಹಕ್ಕೆ ಎದುರಾಗಿಯೂ ಜನ, ಸರಕು ಸಾಗಿಸತೊಡಗಿದವು. ತಿಂಗಳುಗಟ್ಟಲೆ ನಡೆಯುವ ಗತಿ ಯಾರಿಗೂ ಉಳಿಯಲಿಲ್ಲ. ದಾರಿಯ ತುಂಡುಗಳು ಹಳ್ಳಿ ರಸ್ತೆಗಳಾದವು, ಉಳಿದದ್ದನ್ನು ಕಾಡು ನುಂಗಿತು.

ಮರುಹುಟ್ಟಿನ ಮೊದಲ ಹೆಜ್ಜೆ 1909ರಲ್ಲಿ ಕಂಡಿತು. ಡಾಟರ್ಸ್ ಆಫ್ ದ ಅಮೆರಿಕನ್ ರೆವಲ್ಯೂಷನ್ ಎಂಬ ಮಹಿಳಾ ಸಂಘಟನೆ ಮಿಸಿಸಿಪ್ಪಿಯಲ್ಲಿ ಹಳೆಯ ದಾರಿಯ ಗುರುತಿಗೆ ಕಲ್ಲು ನೆಡಲು ಶುರುಮಾಡಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡುವ ಯೋಜನೆಗಳನ್ನು ಸರ್ಕಾರ ಹುಡುಕುತ್ತಿದ್ದಾಗ, 1934ರಲ್ಲಿ ಮಿಸಿಸಿಪ್ಪಿಯ ಸಂಸದ ಜೆಫ್ ಬಸ್ಬಿ ಈ ದಾರಿಯ ಸಮೀಕ್ಷೆಗೆ ಮಸೂದೆ ತಂದರು. 1937ರಲ್ಲಿ ಕಾಮಗಾರಿ ಆರಂಭವಾಯಿತು. 1938ರ ಮೇ 18ರಂದು ಇದು ರಾಷ್ಟ್ರೀಯ ಉದ್ಯಾನ ಸೇವೆಯ ಭಾಗವಾಯಿತು. ಹೆದ್ದಾರಿ ಇಲಾಖೆಗೆ ಸೇರದೆ ಉದ್ಯಾನದ ಆಡಳಿತಕ್ಕೆ ಸೇರಿದ್ದರಿಂದಲೇ ಲಾರಿ, ಅಂಗಡಿ, ಫಲಕಗಳು ಇಲ್ಲಿಗೆ ಕಾಲಿಡಲಿಲ್ಲ. ಹಣ ಬಂದಂತೆಲ್ಲ ತುಂಡುತುಂಡಾಗಿ ಕೆಲಸ ನಡೆಯಿತು. ಫ್ರ್ಯಾಂಕ್ಲಿನ್ ಊರಿನ ಹತ್ತಿರ ಕಣಿವೆಯನ್ನು ದಾಟುವ ಜೋಡಿ ಕಮಾನಿನ ಕಾಂಕ್ರೀಟ್ ಸೇತುವೆ 1994ರಲ್ಲಿ ಮುಗಿಯಿತು. ಜಾಕ್ಸನ್ ನಗರದ ಬಳಿ ಮತ್ತು ನ್ಯಾಚೆಜ್‌ನಲ್ಲಿ ಉಳಿದಿದ್ದ ಕೊನೆಯ ತುಂಡುಗಳು ಪೂರ್ಣಗೊಂಡದ್ದು 2005ರಲ್ಲಿ. ಹೊಸ ರಸ್ತೆ ಹಳೆಯ ಜಾಡಿನ ಮೇಲೆಯೇ ಹೋಗುವುದಿಲ್ಲ. ಅದನ್ನು ಮತ್ತೆ ಮತ್ತೆ ಅಡ್ಡ ಹಾಯುತ್ತ ಸಾಗುತ್ತದೆ.

ಪ್ರವಾಸದ ಲೆಕ್ಕಾಚಾರ

ಮೈಲಿಗಲ್ಲುಗಳ ಎಣಿಕೆ ನ್ಯಾಚೆಜ್‌ನಲ್ಲಿ ಸೊನ್ನೆಯಿಂದ ಶುರುವಾಗಿ ಉತ್ತರಕ್ಕೆ ಏರುತ್ತದೆ. ದೋಣಿಗಾರರು ನಡೆದದ್ದೂ ಇದೇ ದಿಕ್ಕಿಗೆ. ಆದ್ದರಿಂದ ನ್ಯಾಚೆಜ್‌ನಿಂದ ಹೊರಟರೆ ಕಥೆ ಮತ್ತು ಎಣಿಕೆ ಎರಡೂ ಕ್ರಮವಾಗಿ ತೆರೆದುಕೊಳ್ಳುತ್ತವೆ. 10ನೆಯ ಮೈಲಿಯಲ್ಲಿ ಎಮರಾಲ್ಡ್ ಮೌಂಡ್, ನಂತರ ಮೌಂಟ್ ಲೋಕಸ್ಟ್ ಸಿಗುತ್ತವೆ. 41ನೆಯ ಮೈಲಿ ದಾಟಿದ ಕೂಡಲೇ ಕಾಲು, ಗೊರಸು, ಗಾಲಿಗಳ ತುಳಿತಕ್ಕೆ ಮೆತುಮಣ್ಣಿನಲ್ಲಿ ಆಳವಾಗಿ ಕುಸಿದ ಹಳೆಯ ದಾರಿಯ ತುಂಡು ಕಾಣುತ್ತದೆ. 122ನೆಯ ಮೈಲಿಯ ಸೈಪ್ರೆಸ್ ಜೌಗಿನಲ್ಲಿ ಮರದ ಕಾಲುಹಾದಿಯ ಮೇಲೆ ನಡೆಯಬಹುದು. ಅಲ್ಲಿ ಮೊಸಳೆ ಜಾತಿಯ ಅಲಿಗೇಟರ್‌ಗಳಿವೆ. 266ನೆಯ ಮೈಲಿಯ ಟುಪೆಲೊದಲ್ಲಿ ಪಾರ್ಕ್‌ವೇಯ ಮುಖ್ಯ ಕಚೇರಿ ಮತ್ತು ಮಾಹಿತಿ ಕೇಂದ್ರಗಳಿವೆ. ಗಾಯಕ ಎಲ್ವಿಸ್ ಪ್ರೀಸ್ಲಿ 1935ರಲ್ಲಿ ಹುಟ್ಟಿದ ಎರಡು ಕೋಣೆಯ ಮನೆ ಇರುವುದೂ ಇದೇ ಊರಿನಲ್ಲಿ.

ನಿಲ್ಲದೆ ಓಡಿಸಿದರೆ ಇಡೀ ರಸ್ತೆ ಸುಮಾರು ಹತ್ತು ಗಂಟೆಯ ಪಯಣ. ನೋಡಬೇಕಾದ್ದನ್ನು ನೋಡಲು ಮೂರು ದಿನ ಬೇಕು. ಮೊದಲ ರಾತ್ರಿ ಜಾಕ್ಸನ್‌ನಲ್ಲಿ, ಎರಡನೆಯದು ಟುಪೆಲೊದಲ್ಲಿ ತಂಗುವುದು ಅನುಕೂಲ. ಡೇರೆ ಹೂಡುವವರಿಗೆ ರಾಕಿ ಸ್ಪ್ರಿಂಗ್ಸ್, ಜೆಫ್ ಬಸ್ಬಿ, ಮೆರಿವೆದರ್ ಲೂಯಿಸ್ ಎಂಬ ಮೂರು ತಾಣಗಳಿದ್ದು, ಅಲ್ಲಿ ಸೌಲಭ್ಯಗಳು ಕಡಿಮೆ. ಪೆಟ್ರೋಲ್ ಮತ್ತು ಊಟಕ್ಕೆ ರಸ್ತೆ ಬಿಟ್ಟು ಪಕ್ಕದ ಊರುಗಳಿಗೆ ಇಳಿಯಬೇಕಾದ್ದರಿಂದ ಟ್ಯಾಂಕ್ ಅರ್ಧವಾಗುವ ಮೊದಲೇ ಅದರ ಏರ್ಪಾಡು ಒಳ್ಳೆಯದು. ಕತ್ತಲಾದ ಮೇಲೆ ಜಿಂಕೆಗಳು ಅಡ್ಡ ಬರುತ್ತವೆ. ಸೈಕಲ್ ಸವಾರರಿಗೂ ಇದು ಮೆಚ್ಚಿನ ಹಾದಿಯಾದ್ದರಿಂದ ಕಾರಿನವರು ಎಚ್ಚರ ವಹಿಸಬೇಕು. ಬೇಸಿಗೆಯ ಸೆಕೆ, ತೇವ ಎರಡೂ ಕಠಿಣ. ವಸಂತದಲ್ಲಿ ಹೂಗಳಿರುತ್ತವೆ, ಸುಂಟರಗಾಳಿಯ ಅಪಾಯವೂ ಇರುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ ಹವೆ ಹಿತವಾಗಿದ್ದು ಎಲೆಗಳು ಬಣ್ಣ ತಾಳುತ್ತವೆ. ದುರಸ್ತಿಗೆಂದು ಕೆಲವು ಭಾಗಗಳನ್ನು ಮುಚ್ಚುವುದುಂಟು. ಹೊರಡುವ ಮುನ್ನ ಉದ್ಯಾನ ಸೇವೆಯ ಪ್ರಕಟಣೆ ನೋಡಿಕೊಂಡರೆ ಬಳಸುದಾರಿಗೆ ತಗಲುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.