ಗಣಕದ ಮುಂದೆ ಕುಳಿತವರಿಗೆ

ಪಹಣಿಗೆ ಮುರಗೋಡದ ಕಡೆ ‘ಉತಾರ’ವೆಂದೇ ರೂಢಿ. ಹಿಂದೆ ಅದು ಕುಲಕರ್ಣಿಯ, ಅನಂತರ ತಲಾಠಿಯ ದಪ್ತರದಲ್ಲಿರುತ್ತಿತ್ತು. ಯಾರಾದರೂ ತಿದ್ದಿದರೆ ಮಸಿಯ ಬಣ್ಣವೋ ಅಕ್ಷರದ ಬಾಗೋ ಅವರ ಗುರುತು ಹೇಳುತ್ತಿತ್ತು. ಗಣಕಯಂತ್ರದಲ್ಲಾದರೋ ಎಲ್ಲರ ಅಕ್ಷರವೂ ಒಂದೇ. ಯಾರ ಹೆಸರಿನಿಂದ ಒಳಹೊಕ್ಕರೆಂಬುದೇ ಅಲ್ಲಿ ಸಾಕ್ಷಿ.

ಆದುದರಿಂದಲೇ ‘ಭೂಮಿ’ ಯೋಜನೆಯಲ್ಲಿ, 2000ದ ದಶಕದ ಆರಂಭಕ್ಕೆ, ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದಾಗ, ಸಿಬ್ಬಂದಿಯವರು ಬೆರಳಿನ ಗುರುತು ಕೊಟ್ಟೇ ಕೆಲಸಕ್ಕೆ ತೊಡಗುವ ಏರ್ಪಾಡಾಯಿತು. ಗುಪ್ತಪದವನ್ನು ಮತ್ತೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಡಲಾದೀತೆ? ಯಾರು ಏನು ಮಾಡಿದರೆಂಬುದು ದಾಖಲಾಗುತ್ತಿದ್ದುದರಿಂದ ‘ನಾನಲ್ಲ’ ಎನ್ನುವುದು ಕಷ್ಟವಾಯಿತು.

ಎಲ್ಲ ಕಚೇರಿಗಳಲ್ಲಿಯೂ ಈ ಏರ್ಪಾಡಿಲ್ಲ. ಹಲವೆಡೆ ಗುಪ್ತಪದವೇ ನೌಕರನ ರುಜು, ಅದೇ ಮೊಹರು. ರಜೆಯಲ್ಲಿ ಕೆಲಸ ನಿಲ್ಲಬಾರದೆಂದು ಅದನ್ನು ಜೊತೆಯವರಿಗೆ ಹೇಳಿಹೋಗುವುದು ಖಾಲಿ ಕಾಗದಕ್ಕೆ ರುಜು ಹಾಕಿ ಕೊಟ್ಟಂತೆ. ಮುಂದೆ ಯಾವನೋ ಬಡ ರೈತನ ಹೊಲ ಇನ್ನೊಬ್ಬರ ಹೆಸರಿಗಾದರೆ, ಉತ್ತರ ಹೇಳಬೇಕಾದವನು ರಜೆಯಲ್ಲಿದ್ದವನೇ.

ರೂಢಿಸಿಕೊಳ್ಳಬೇಕಾದುದು ಇಷ್ಟೇ. ಚಹಾಕ್ಕೆ ಏಳುವಾಗ ವಿಂಡೋಸ್ ಗುಂಡಿಯನ್ನೂ ‘ಎಲ್’ ಅಕ್ಷರವನ್ನೂ ಒಟ್ಟಿಗೆ ಒತ್ತಿ ಗಣಕಕ್ಕೆ ಕೀಲಿ ಹಾಕಿರಿ. ಗುಪ್ತಪದ ಉದ್ದವಾಗಿರಲಿ, ಒಂದೆಡೆಯದು ಇನ್ನೊಂದೆಡೆಗೆ ಬೇಡ, ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸುವುದಂತೂ ಬೇಡವೇ ಬೇಡ. ಯಾರದೆಂದು ತಿಳಿಯದ ಪೆನ್‌ಡ್ರೈವ್ ಸಿಕ್ಕಿಸಬೇಡಿರಿ. ಫೋನಿನಲ್ಲಿ ಓ.ಟಿ.ಪಿ. ಕೇಳಿದವರು ಮೇಲಧಿಕಾರಿಯೆಂದುಕೊಂಡರೂ ಹೇಳಬೇಡಿರಿ. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿರಿ.

‘ನಮ್ಮ ಮೇಲೆ ನಂಬಿಕೆಯಿಲ್ಲವೇ?’ ಎಂದು ಜೊತೆಯವರು ಕೇಳಿಯಾರು. ‘ನೀವು ತಿಳಿಯದಿದ್ದರೆ ನಾಳೆ ಸಂದೇಹವು ನಿಮ್ಮ ಮೇಲೂ ಬಾರದು’ ಎಂದು ಉತ್ತರಿಸಿರಿ.