ಕಣ್ಣೊಳಗಿನ ನೆತ್ತರ ಬಣ್ಣ

ಮೈಯನ್ನು ಕೊಯ್ಯದೆ, ಸೂಜಿಯಿಂದ ಚುಚ್ಚದೆ, ಅಪಧಮನಿಯನ್ನೂ ಅಭಿಧಮನಿಯನ್ನೂ ಬಿಡಿಬಿಡಿಯಾಗಿ ಕಾಣಬಹುದಾದ ಸ್ಥಳವೊಂದು ನಮ್ಮ ದೇಹದಲ್ಲುಂಟು. ಅದೇ ಕಣ್ಣಿನ ಹಿಂಗೋಡೆಗೆ ಹಾಸಿರುವ ಅಕ್ಷಿಪಟಲ. ಪಾಪೆಯ ಮೂಲಕ ಬೆಳಕು ಹಾಯಿಸಿ ನೋಡಿದರೆ ಅಪಧಮನಿಗಳು ತಿಳಿಗೆಂಪಾಗಿಯೂ ಅಭಿಧಮನಿಗಳು ಕಡುಗೆಂಪಾಗಿಯೂ ತೋರುತ್ತವೆ. ಈ ಬಣ್ಣದ ಭೇದದಿಂದಲೇ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯಬಹುದು.

ಹೇಗೆಂಬುದನ್ನು ವಿಚಾರಿಸೋಣ. ಆಮ್ಲಜನಕವನ್ನು ಕಳೆದುಕೊಂಡ ಹೀಮೋಗ್ಲೋಬಿನ್ 600 ನ್ಯಾನೋಮೀಟರ್ ಅಲೆಯುದ್ದದ ಕಿತ್ತಳೆ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಹೊತ್ತಿರುವುದು ಕಡಿಮೆ ಹೀರುತ್ತದೆ. 570 ನ್ಯಾನೋಮೀಟರಿನ ಹಸಿರುಹಳದಿ ಬೆಳಕಿಗಾದರೋ ಎರಡೂ ಹೆಚ್ಚುಕಡಿಮೆ ಸಮ. ಆದುದರಿಂದ ಇದನ್ನು ತೂಕದ ಕಲ್ಲಾಗಿಟ್ಟು ಮೊದಲಿನದನ್ನು ತೂಗಬಹುದು. ಏಕಕಾಲದಲ್ಲಿ ಎರಡೂ ಬೆಳಕಿನಲ್ಲಿ ಚಿತ್ರ ತೆಗೆದು, ನಾಳದ ಮೇಲೂ ಅದರ ಪಕ್ಕದಲ್ಲೂ ತೀವ್ರತೆಯನ್ನಳೆದು, ಅವುಗಳ ಭಾಗಲಬ್ಧದ ಲಾಗರಿತಮ್ ತೆಗೆಯಬೇಕು. ಹೀಗೆ ದೊರೆತ ಎರಡು ಸಂಖ್ಯೆಗಳ ಅನುಪಾತದಲ್ಲಿ ಉತ್ತರವಿದೆ. ಲಾಗರಿತಮ್ ಯಾತಕ್ಕೆಂದು ಗೊಣಗುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಲಿ!

ಅಮೆರಿಕದ ಹಿಕಮ್ ಮತ್ತು ಸಂಗಡಿಗರು 1959ರಷ್ಟು ಹಿಂದೆಯೇ ಫಿಲ್ಮಿನ ಮೇಲೆ ಈ ಯತ್ನ ಮಾಡಿದ್ದರು. ಮುಂದೆ ಐಸ್‌ಲೆಂಡಿನ ವಿಜ್ಞಾನಿಗಳು ಡಿಜಿಟಲ್ ಕ್ಯಾಮೆರಾ ಹಾಗೂ ಗಣಕಗಳ ನೆರವಿನಿಂದ ಅದನ್ನು ಸುಲಭಗೊಳಿಸಿದರು.

ರೋಗಕ್ಕಾಗಿ ಹುಟ್ಟಿದ ಈ ಉಪಕರಣದ ಮುಂದೆ ಆರೋಗ್ಯವಂತ ತರುಣರನ್ನು ಕೂರಿಸುವುದೇಕೆ? ಸ್ವಸ್ಥ ಕಣ್ಣಿನ ಅಂಕಿ ತಿಳಿಯದೆ ರೋಗಿಯ ಅಂಕಿಗೆ ಅರ್ಥವಿಲ್ಲ. ಐಸ್‌ಲೆಂಡಿನ ಉಪಕರಣ ತೋರಿಸಿರುವಂತೆ, ಆರೋಗ್ಯವಂತರ ಅಪಧಮನಿಯ ರಕ್ತ ಸುಮಾರು ಶೇಕಡಾ 92ರಷ್ಟೂ ಅಭಿಧಮನಿಯದು ಸುಮಾರು 55ರಷ್ಟೂ ಆಮ್ಲಜನಕದಿಂದ ತುಂಬಿರುತ್ತದೆ. ನಡುವಣ 37ನ್ನು ಮುಖ್ಯವಾಗಿ ಅಕ್ಷಿಪಟಲದ ಒಳಪದರಗಳು ಉಂಡಿವೆಯೆಂದು ತಿಳಿಯಬೇಕು. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರಲ್ಲಿ ಅಭಿಧಮನಿಯ ಅಂಕಿ ಇಳಿಯಬಹುದೆಂದು ನಾವು ಊಹಿಸುತ್ತೇವೆ. ಆದರೆ ಅದು ಏರುತ್ತದೆ! ಲೋಮನಾಳಗಳು ಹಾಳಾದಲ್ಲಿ ರಕ್ತ ಅಡ್ಡದಾರಿ ಹಿಡಿಯುವುದರಿಂದ, ಹಸಿದ ಜೀವಕೋಶಗಳಿಗೆ ಉಣಿಸದೆಯೇ ಆಮ್ಲಜನಕ ಮರಳಿಹೋಗುತ್ತದೆಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಹೆಚ್ಚಿನ ಅಂಕಿಯನ್ನು ಕಂಡು ಹಿಗ್ಗುವಂತಿಲ್ಲ.

ಭೌತಶಾಸ್ತ್ರದ ಮೇಷ್ಟರಾದ ನಮಗೆ ಇಲ್ಲಿ ಒಂದು ಶಂಕೆ ಏಳದಿರದು. ನಾಳದ ಅಗಲ, ಕಣ್ಣೊಳಗಿನ ಕಪ್ಪು ವರ್ಣದ್ರವ್ಯ ಇವೂ ಬೆಳಕನ್ನು ಏರುಪೇರು ಮಾಡುತ್ತವಷ್ಟೆ? ನಿಜ. ಆದಕಾರಣ ಐಸ್‌ಲೆಂಡಿನವರ ಕಣ್ಣಿನ ಅಂಕಿಯನ್ನು ನಮ್ಮವರಿಗೆ ಹಾಗೆಯೇ ಹಚ್ಚಲಾಗದು. ನಮ್ಮ ತರುಣರನ್ನೇ ಅಳೆಯಬೇಕು. ಕೋಣೆಯ ಬೆಳಕೂ ಅಂಕಿಯನ್ನು ಬದಲಿಸುವುದರಿಂದ ಎಲ್ಲರನ್ನೂ ಒಂದೇ ಬಗೆಯ ಮಬ್ಬಿನಲ್ಲಿ ಕೂರಿಸುವುದು ಅಗತ್ಯ. ಪಾಪೆ ಹಿಗ್ಗಿಸುವ ಹನಿ, ಕೆಲವು ಮಿಂಚುಬೆಳಕು, ಆಮೇಲೆ ಕೆಲವು ಗಂಟೆ ಪುಸ್ತಕದ ಅಕ್ಷರ ಮಸುಕು: ಅಳೆಸಿಕೊಳ್ಳುವವರಿಗೆ ಸಾಮಾನ್ಯವಾಗಿ ಇಷ್ಟೇ ತೊಂದರೆ.