ಗುಡುಗು ಬಾರದ ಕುರ್ಚಿ!

“ಸೌಂಡೇ ಇಲ್ವಲ್ಲೋ ಇದ್ರಲ್ಲಿ!”

ಹಾಗೆಂದು ಅಪ್ಪಾಜಿ ಎದ್ದು ಹೊರಟೇಬಿಟ್ಟರು. ಪರದೆಯ ಮೇಲೆ ‘ಕೆ.ಜಿ.ಎಫ್. ಚಾಪ್ಟರ್ 2’. ರಾಕಿಭಾಯ್ ‘ದೊಡ್ಡಮ್ಮ’ನ ಹಿಂದೆ ನಿಂತು ಪೊಲೀಸ್ ಸ್ಟೇಷನ್ನನ್ನು ಜರಡಿ ಮಾಡುತ್ತಿದ್ದಾನೆ. ಹಿಂದಿನ ಗೋಡೆಗೆ ಒರಗಿದ ಸೋಫಾದಲ್ಲಿ ಕೂತ ನನಗೂ ಗೆಳೆಯನಿಗೂ ಹೊಟ್ಟೆಯೊಳಗಿನ ಕಾಫಿ ಕುಲುಕುತ್ತಿದೆ. ಆದರೆ ರೂಮಿನ ನಟ್ಟನಡುವೆ, ಅಪ್ಪನಿಗೆಂದೇ ಮಗ ಹಾಕಿಸಿದ ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ಸೌಂಡೇ ಇಲ್ಲವಂತೆ!

ಯಾರಪ್ಪ ಈ ಅಪ್ಪಾಜಿ ಅಂತೀರಾ? ತುಮಕೂರು ಜಿಲ್ಲೆಯ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವರು. ಕಾರ್ಬನ್ ಕಡ್ಡಿ ಉರಿಸಿ ಊರಿಗೆಲ್ಲ ಅಣ್ಣಾವ್ರನ್ನು ತೋರಿಸಿದವರು. ಊರಿಗೆ ಅವರು ಇವತ್ತಿಗೂ ‘ಆಪರೇಟ್ರು’. ಟಾಕೀಸು ಮುಚ್ಚಿತು, ಅಲ್ಲೀಗ ಕಲ್ಯಾಣ ಮಂಟಪ. ಎಲೆಕ್ಟ್ರಿಕಲ್ ಅಂಗಡಿ ಇಟ್ಟ ಮಗ, ದುಡ್ಡು ಕೂಡಿಸಿ ಮಹಡಿಯ ಮೇಲೆ 18 ಅಡಿ ಉದ್ದ, 12 ಅಡಿ ಅಗಲದ ರೂಮು ಕಟ್ಟಿಸಿದ. ಪರದೆ, ಸ್ಪೀಕರು, ಮೂಲೆಯಲ್ಲಿ 10 ಇಂಚಿನ ಒಂದು ಸಬ್‌ವೂಫರ್. ಎಲ್ಲ ಅಪ್ಪನಿಗಾಗಿ. ಆ ಅಪ್ಪನೇ ಈಗ ಮಹಡಿ ಹತ್ತುವುದಿಲ್ಲ!

“ಅಪ್ಪಂಗೆ ಕಿವಿ ಹೋಯ್ತು ಕಣೋ. ಮುಂದಿನ ವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಜೊತೆಗೆ ಸಾಲ ಮಾಡಿಯಾದ್ರೂ 15 ಇಂಚಿನ ವೂಫರ್ ತರ್ತೀನಿ” ಅಂದ ಗೆಳೆಯ.

ನಾನು ಸುಮ್ಮನೆ ಎದ್ದು ಅಪ್ಪಾಜಿಯ ಕುರ್ಚಿಯಲ್ಲಿ ಕೂತೆ. ಅದೇ ಸೀನನ್ನು ಮತ್ತೆ ಹಾಕಿಸಿದೆ. ನಂಬುತ್ತೀರೋ ಇಲ್ಲವೋ... ದೊಡ್ಡಮ್ಮ ಕೆಮ್ಮಿದ ಹಾಗೆ ಕೇಳಿತು! ನನಗೆ ಇಪ್ಪತ್ತೆಂಟು. ನನ್ನ ಕಿವಿಯೂ ಹೋಯಿತೇ?

ಕಲ್ಲುಬಾನಿಯ ಪಾಠ

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಫಿಸಿಕ್ಸ್ ಮೇಷ್ಟ್ರು ತಲೆಗೆ ತುಂಬಲಾಗದ್ದನ್ನು ಸಿನಿಮಾ ಹುಚ್ಚು ತುಂಬಿಸಿತು. ಕೇಳಿ.

ಸದ್ದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಸೆಕೆಂಡಿಗೆ 31 ಸಲ ಅದುರುವ ಗುಡುಗಿನ ಒಂದೊಂದು ಅಲೆಯೂ ಸುಮಾರು 36 ಅಡಿ ಉದ್ದ. ರೂಮು 18 ಅಡಿ, ಅಂದರೆ ಸರಿಯಾಗಿ ಅರ್ಧ! ಅಲೆ ಎದುರು ಗೋಡೆಗೆ ಬಡಿದು ವಾಪಸು ಬಂದು ತನ್ನ ಮೇಲೆ ತಾನೇ ಬೀಳುತ್ತದೆ.

ದನಕ್ಕೆ ನೀರಿಡುವ ಉದ್ದನೆಯ ಕಲ್ಲುಬಾನಿ ನೋಡಿದ್ದೀರಲ್ಲ? ಒಂದು ತುದಿಯಲ್ಲಿ ಕೈ ಹಾಕಿ ತಾಳಕ್ಕೆ ಸರಿಯಾಗಿ ನೀರು ತಳ್ಳಿ. ಈ ತುದಿ ಏರಿದರೆ ಆ ತುದಿ ಇಳಿಯುತ್ತದೆ. ನಡುವಿನ ನೀರು ಮಾತ್ರ ಏರದೆ ಇಳಿಯದೆ ತೆಪ್ಪಗಿರುತ್ತದೆ. ರೂಮಿನ ಗಾಳಿಯದ್ದೂ ಇದೇ ಕಥೆ. ಗೋಡೆಯ ಪಕ್ಕ ಅಬ್ಬರ, ನಟ್ಟನಡುವೆ ಸಪ್ಪೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಉದ್ದದ ತೂಗಾಟವನ್ನೂ ಅಗಲದ ತೂಗಾಟವನ್ನೂ ಒಟ್ಟಿಗೇ ಎಬ್ಬಿಸುತ್ತದೆ.

ನಮ್ಮ ಮನೆಗಳಲ್ಲಿ ಕಾಟ ಇನ್ನೂ ಜಾಸ್ತಿ. ಅಮೆರಿಕದವರ ಮನೆ ಮರದ ಚೌಕಟ್ಟಿನದು, ಗೋಡೆ ತೆಳು ಹಲಗೆಯದು. ಅದು ತಾನೂ ಅದುರಿ ಒಂದಿಷ್ಟು ಗುಡುಗನ್ನು ನುಂಗಿಕೊಳ್ಳುತ್ತದೆ. ನಮ್ಮದು ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ. ನುಂಗುವುದಿಲ್ಲ, ವಾಪಸು ಉಗುಳುತ್ತದೆ!

ಮಗ ಮಾಡಿದ ತಪ್ಪು ಈಗ ಗೊತ್ತಾಯಿತೇ? ಸೋಫಾದಲ್ಲಿ ಕೂತು, ಅಲ್ಲಿನ ಅಬ್ಬರಕ್ಕೆ ಹೆದರಿ ವಾಲ್ಯೂಮ್ ತಗ್ಗಿಸಿಟ್ಟ. ಅಪ್ಪನನ್ನು ಗೌರವದಿಂದ ಸಪ್ಪೆ ಜಾಗದಲ್ಲಿ ಕೂರಿಸಿದ. 15 ಇಂಚಿನದನ್ನು ತಂದು ಅದೇ ಮೂಲೆಯಲ್ಲಿಟ್ಟಿದ್ದರೆ ಸೋಫಾದವನ ಎದೆ ಒಡೆಯುತ್ತಿತ್ತು, ಕುರ್ಚಿಗೆ ಮತ್ತೆ ಬರೀ ಚೂರುಪಾರು.

ಅಂಬೆಗಾಲಿನ ಆಟ

ಮೊದಲು ಹಳೆಯ ಉಪಾಯ ಮಾಡಿದೆವು. ಸಬ್‌ವೂಫರನ್ನೇ ಎತ್ತಿ ಅಪ್ಪಾಜಿಯ ಕುರ್ಚಿಯ ಮೇಲೆ ಕೂರಿಸಿ, ನಾವಿಬ್ಬರೂ ಗೋಡೆ ಹಿಡಿದು ಅಂಬೆಗಾಲಿಟ್ಟು ಕಿವಿಗೊಟ್ಟೆವು. ಎಲ್ಲಿ ಗುಡುಗು ಚೆನ್ನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಟ್ಟರೆ ಕುರ್ಚಿಯಲ್ಲೂ ಹಾಗೇ ಕೇಳುತ್ತದೆ. ಕಾಫಿ ತಂದ ಗೆಳೆಯನ ತಾಯಿ ಬಾಗಿಲಲ್ಲೇ ನಿಂತರು.

“ಏನ್ ಕಳ್ಕೊಂಡ್ರಪ್ಪಾ?”

“ಗುಡುಗು ಕಣಮ್ಮಾ!”

ಜಾಗವೇನೋ ಸಿಕ್ಕಿತು, ಸರಿಯಾಗಿ ಬಾಗಿಲಿಗೆ ಅಡ್ಡ! ಅಲ್ಲದೆ ಒಂದೇ ಪೆಟ್ಟಿಗೆ ಒಂದು ಕುರ್ಚಿಯನ್ನು ಮೆಚ್ಚಿಸಬಹುದು. ಇಡೀ ಮನೆಯನ್ನು ಮೆಚ್ಚಿಸಬೇಕಾದರೆ?

ಒಂದಲ್ಲ, ಎರಡು!

ಈ ಪ್ರಶ್ನೆಯನ್ನೇ ಹಿಡಿದು ಕೂತವರು ಅಮೆರಿಕದ ಹರ್ಮನ್ ಕಂಪನಿಯ ಟಾಡ್ ವೆಲ್ಟಿ. ಎಷ್ಟು ಸಬ್‌ವೂಫರ್ ಇಟ್ಟರೆ ಸಾಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 2002ರಲ್ಲಿ ಉತ್ತರ ಕೊಟ್ಟರು. ಚೌಕ ಅಥವಾ ಆಯತದ ರೂಮಿಗೆ ನಾಲ್ಕು ಗೋಡೆಗಳ ನಡುಮಧ್ಯೆ ಒಂದೊಂದು ಇಟ್ಟರೆ ಎಲ್ಲ ಸೀಟಿಗೂ ಸಮಪಾಲು. ನಾಲ್ಕು ಮೂಲೆಗಳಲ್ಲಿ ಇಟ್ಟರೂ ಒಳ್ಳೆಯದೇ. ನಾಲ್ಕರ ಮೇಲೆ ಹೇಳಿಕೊಳ್ಳುವಂಥ ಲಾಭವಿಲ್ಲ. ಎದುರುಬದುರು ಗೋಡೆಗಳ ನಡುಮಧ್ಯೆ ಇಟ್ಟ ಬರೀ ಎರಡೇ ಎರಡು ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತವೆ!

ಹೇಗೆ? ಮತ್ತೆ ಬಾನಿಗೆ ಬನ್ನಿ. ಎರಡು ತುದಿಯಿಂದ ಇಬ್ಬರು ಒಂದೇ ಸಲ ತಳ್ಳಲಿ. ಈಗ ನೀರು ಈ ಕಡೆಯಿಂದ ಆ ಕಡೆಗೆ ತೂಗಲಾರದು. ಇಬ್ಬರೂ ಅಗಲದ ಸರಿಮಧ್ಯೆ ನಿಂತಿರುವುದರಿಂದ ಅಡ್ಡಕ್ಕೂ ತೂಗಲಾರದು.

ಸಿನಿಮಾದವರು ಎರಡೂ ಕಡೆಯಿಂದ ಗುಡುಗಿದ್ದು ಇದಕ್ಕೂ ಎಷ್ಟೋ ಹಿಂದೆ. 1974ರಲ್ಲಿ ‘ಅರ್ತ್‌ಕ್ವೇಕ್’ ಚಿತ್ರಕ್ಕಾಗಿ ಯೂನಿವರ್ಸಲ್‌ನವರು ‘ಸೆನ್ಸರೌಂಡ್’ ತಂದಾಗ, ದೈತ್ಯ ಪೆಟ್ಟಿಗೆಗಳನ್ನು ಪರದೆಯ ಕೆಳಗೂ ಹಾಲಿನ ಹಿಂದೆಯೂ ಇಟ್ಟರು. ಹಾಲಿವುಡ್‌ನ ಚೈನೀಸ್ ಥಿಯೇಟರಿನಲ್ಲಿ ಗಾರೆ ಉದುರಿ ಜನರ ತಲೆಗೆ ಬಿದ್ದೀತೆಂದು ಬಲೆ ಕಟ್ಟಿದ್ದರಂತೆ!

ಉಲ್ಟಾ ಹೊಡೆದ ತಿರುಪು

ಪರಿಚಯದ ಅಂಗಡಿಯಿಂದ ಅದೇ ಮಾಡೆಲ್ಲಿನ ಇನ್ನೊಂದು 10 ಇಂಚಿನ ಪೆಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ತಂದೆವು. ಒಂದು ಪರದೆಯ ಕೆಳಗೆ ನಡುವೆ, ಇನ್ನೊಂದು ಹಿಂದಿನ ಗೋಡೆಯ ನಡುವೆ. ಸೋಫಾವನ್ನು ಮೂರಡಿ ಮುಂದಕ್ಕೆಳೆದೆವು. ಆನ್ ಮಾಡಿದೆವು. ಕುರ್ಚಿಯಲ್ಲಿ ಮೊದಲಿದ್ದಷ್ಟೂ ಇಲ್ಲ! ಗೆಳೆಯನ ಮುಖ ಬಿಳುಚಿಕೊಂಡಿತು.

ನೋಡಿದರೆ ಹಿಂದಿನ ಪೆಟ್ಟಿಗೆಯ ಫೇಸ್ ತಿರುಪು 180ಕ್ಕೆ ನಿಂತಿದೆ. ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತಿತ್ತು. ನಡುವೆ ಕೂತವನಿಗೆ ಸೊನ್ನೆ! ಎರಡನ್ನೂ 0ಗೆ ತಂದು, ವಾಲ್ಯೂಮ್ ಸಮ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟೆವು. ಫೋನಿನಲ್ಲಿ 20ರಿಂದ 80 ಹರ್ಟ್ಸ್‌ವರೆಗಿನ ಸ್ವರವನ್ನು ನಿಧಾನವಾಗಿ ಏರಿಸಿದೆವು. ಸೋಫಾದ ಬೊಬ್ಬೆ ಇಳಿದಿತ್ತು, ಕುರ್ಚಿಗೆ ಜೀವ ಬಂದಿತ್ತು.

ಆಪರೇಟ್ರನ್ನು ಕರೆದದ್ದು ನಾನೇ. “ಒಂದೇ ಒಂದು ರೀಲು ನೋಡ್ಬಿಡಿ ಅಪ್ಪಾಜಿ” ಅಂದೆ. ಗೊಣಗುತ್ತಲೇ ಬಂದು ಕೂತರು. ದೊಡ್ಡಮ್ಮ ಬಾಯಿ ಬಿಟ್ಟಳು. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು.

“ಈಗ ಬಂತು ನೋಡು! ಅವತ್ತೇ ಹೇಳ್ಲಿಲ್ವೇನೋ, ಸೌಂಡಿಲ್ಲ ಅಂತ?”

ಮಗ ಮಾತಾಡಲಿಲ್ಲ. ಆಮೇಲೆ ಮೆಟ್ಟಿಲಿಳಿಯುವಾಗ ನನ್ನ ಹೆಗಲು ಹಿಡಿದು ಹೇಳಿದ: “ಕಿವುಡ ಅಂದ್ಬಿಟ್ಟಿದ್ನಲ್ಲೋ...”

15 ಇಂಚಿನದು ಬರಲಿಲ್ಲ, ಸಾಲವೂ ಆಗಲಿಲ್ಲ. ಒಂದು ದಿನಕ್ಕೆ ತಂದದ್ದಕ್ಕೇ ದುಡ್ಡು ಕಟ್ಟಿ ಉಳಿಸಿಕೊಂಡರು. ಭಾನುವಾರ ಮಹಡಿಯ ಮೇಲೆ ಹೌಸ್‌ಫುಲ್!

ಆದ್ದರಿಂದ ಮಿತ್ರರೇ, ನಿಮ್ಮ ಮನೆಯಲ್ಲೂ ಗುಡುಗು ಬಾರದಿದ್ದರೆ ಅಂಗಡಿಗೆ ಓಡಬೇಡಿ, ಮನೆಯ ಹಿರಿಯರ ಕಿವಿಯನ್ನೂ ಬಯ್ಯಬೇಡಿ. ಮೊದಲು ಎದ್ದು ಅವರ ಕುರ್ಚಿಯಲ್ಲಿ ಕೂತು ಕೇಳಿ!